ಹೊಡಿ, ತಡಿ

ಕಡಿದುಹೋದ ಬೆರಳು ತುರಿಸುತ್ತದೆ ಎಂದರೆ ಜನ ನಗುತ್ತಾರೆ. ನಗಲಿ. ನನ್ನ ಎಡಗೈಯ ಮೂರು ಬೆರಳು ಮೂವತ್ತು ವರ್ಷದ ಹಿಂದೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಹೋದವು. ಹೋದ ಮೇಲೂ ತುರಿಸಿದವು, ಚಳಿಗಾಲದಲ್ಲಿ ಸೆಟೆದವು. ಅದಕ್ಕಿಂತ ವಿಚಿತ್ರವೆಂದರೆ, ಇಲ್ಲದ ತೋರುಬೆರಳು ಮತ್ತು ನಡುಬೆರಳು ಯಾವಾಗಲೂ ಒಂದಕ್ಕೊಂದು ಅಂಟಿಕೊಂಡು, ಹೆಬ್ಬೆರಳ ಕಡೆ ಬಾಗಿ, ಚಿಟಿಕೆ ಹಿಡಿದಂತೆಯೇ ಇರುತ್ತಿದ್ದವು. ಎಷ್ಟು ತಿಣುಕಿದರೂ ಬಿಡುತ್ತಿರಲಿಲ್ಲ. ಇಲ್ಲದ ಬೆರಳನ್ನು ಬಿಡಿಸುವುದಾದರೂ ಹೇಗೆ, ನೀವೇ ಹೇಳಿ.

ಈಗ ಯಾವ ವರ್ಕ್‌ಶಾಪಿಗೆ ಹೋದರೂ ಕೆಲಸಗಾರರ ಮುಂಗೈಗೆ ಒಂದು ಕಪ್ಪು ಪಟ್ಟಿ ಇರುತ್ತದೆ. ಕೈ ತಪ್ಪಿ ತಿರುಗುವ ಗಾಲಿಯ ಕಡೆ ಹೊರಡುವ ಮೊದಲೇ ಅದಕ್ಕೆ ತಿಳಿಯುತ್ತದೆ. ಮಷಿನ್ ನಿಲ್ಲುತ್ತದೆ, ಪಟ್ಟಿ "ತಡಿ!" ಎನ್ನುತ್ತದೆ. ಆ ಧ್ವನಿ ನನ್ನದು, ಕಾಳಪ್ಪ ಕಮ್ಮಾರನದು. ಅದು ಪಟ್ಟಿಯೊಳಗೆ ಹೋಗಿ ಕೂತದ್ದು ಹೇಗೆಂದು ಹೇಳುತ್ತೇನೆ. ನನಗೆ ಮಾನ ತರುವ ಕಥೆಯೇನೂ ಅಲ್ಲ.

ನಮ್ಮದು ಟ್ರ್ಯಾಕ್ಟರಿಗೆ ಟ್ರೇಲರ್ ಮಾಡುವ ಕಾರ್ಖಾನೆ. ಕಬ್ಬಿಣದ ಪೈಪು ಕತ್ತರಿಸುವ ಕಟಿಂಗ್ ಮಷಿನ್ ಮೇಲೆ ನಾವಿಬ್ಬರು, ನಾನು ಮತ್ತು ಮಕ್ತುಂಸಾಬ ನದಾಫ. ಊಟದ ತಾಟಿನಷ್ಟು ಅಗಲದ ಗಾಲಿ ಮೇಲೆ ತಿರುಗುತ್ತಿರುತ್ತದೆ. ಹಿಡಿಕೆ ಕೆಳಗೆ ಎಳೆದರೆ ಗಾಲಿ ಇಳಿದು ಪೈಪು ಕತ್ತರಿಸುತ್ತದೆ. ಹಿಡಿಕೆ ಮಕ್ತುಂನ ಕೈಯಲ್ಲಿ. ಪೈಪನ್ನು ಗೆರೆಗೆ ಸರಿಯಾಗಿ ತಂದು ನಿಲ್ಲಿಸುವುದು ನನ್ನ ಕೆಲಸ. ಅವನು ಗಾಲಿಯ ಹಿಂದೆ, ಕಪ್ಪು ಕನ್ನಡಕದೊಳಗೆ. ಅವನಿಗೆ ಗೆರೆಯೂ ಕಾಣುವುದಿಲ್ಲ, ನನ್ನ ಕೈಯೂ ಕಾಣುವುದಿಲ್ಲ. ಅದಕ್ಕೇ ನಾನು ಕೂಗಬೇಕು. ಪೈಪು ಸರಿ ಕೂತರೆ ಕೈ ಎದೆಯ ಕಡೆ ಎಳೆದುಕೊಂಡು "ಹೊಡಿ" ಎನ್ನುತ್ತಿದ್ದೆ. ಕೂರದಿದ್ದರೆ ಐದೂ ಬೆರಳು ಅಗಲಿಸಿ ಪೈಪಿನ ಮೇಲೆ ಒತ್ತಿ "ತಡಿ" ಎನ್ನುತ್ತಿದ್ದೆ. ದಿನಕ್ಕೆ ನಾನೂರು ಸಲ, ಹದಿನಾಲ್ಕು ವರ್ಷ.

ಆ ಕೂಗು ಗೇಟಿನಾಚೆಯ ಚಹಾದಂಗಡಿಗೂ ಕೇಳುತ್ತಿತ್ತು. ನಾವಿಬ್ಬರೂ ಹೋದರೆ ಅಂಗಡಿಯವನು "ಬಂದ್ರು ನೋಡ್ರಿ, ಹೊಡಿ-ತಡಿ" ಎಂದು ಎರಡು ಕಪ್ಪು ಇಳಿಸುತ್ತಿದ್ದ. ಬದನೆಕಾಯಿ ಪಲ್ಯ ಮಕ್ತುಂನ ಡಬ್ಬಿಯದು, ರೊಟ್ಟಿ ನನ್ನ ಡಬ್ಬಿಯದು. ಗೆರೆ ಎಳೆಯುವ ಸೀಮೆಸುಣ್ಣಕ್ಕೆ ನಾವು ಖಡು ಎನ್ನುತ್ತೇವೆ. ಸ್ಟೋರಿನ ಹಿರೇಮಠ ಅದನ್ನು ವಾರಕ್ಕೆ ಒಂದೇ ಕೊಡುತ್ತಿದ್ದ, ತನ್ನ ಮನೆಯಿಂದ ತಂದವನ ಹಾಗೆ. ಅದನ್ನೇ ಮುರಿದು ಅರ್ಧ ನನ್ನ ಕಿವಿಯ ಮೇಲೆ, ಅರ್ಧ ಅವನ ಕಿವಿಯ ಮೇಲೆ ಇಟ್ಟುಕೊಳ್ಳುತ್ತಿದ್ದೆವು. ಕಬ್ಬಿಣದ ಪುಡಿ, ಸುಟ್ಟ ವಾಸನೆ, ಕಿವಿ ತೂತಾಗುವ ಗದ್ದಲ. ಅಯ್ಯೋ, ಎಂಥಾ ದಿನಗಳು!

ಆದರೆ ಒಂದು ಸಂಗತಿ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಡಿ, ತಡಿ. ಎರಡು ಮಾತಿಗೂ ಬಾಲ ಒಂದೇ. ಆ ಗದ್ದಲದಲ್ಲಿ ಮಾತಿನ ತಲೆ ಮುಳುಗಿಹೋದರೆ ಕೇಳುವುದು ಬಾಲವೊಂದೇ. ಅಪ್ಪಟ ಹುಬ್ಬಳ್ಳಿ ಬುದ್ಧಿ ನಮ್ಮದು, ಬಾಯಿಗೆ ಬಂದದ್ದೇ ಕಾನೂನು.

ಒಂದು ಬುಧವಾರ, ಮಧ್ಯಾಹ್ನದ ಚಹಾಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಪೈಪು ಗೆರೆಗೆ ಬಂದಿರಲಿಲ್ಲ, ನಾನು "ತಡಿ" ಎಂದೆ, ಗಾಲಿ ಇಳಿಯಿತು. ನನ್ನ ನೆನಪಿನಲ್ಲಿದ್ದದ್ದು ಇಷ್ಟೇ. ಮಕ್ತುಂ ತನ್ನ ಅಂಗಿ ಹರಿದು ನನ್ನ ಕೈಗೆ ಸುತ್ತಿ, ಹೆಗಲ ಮೇಲೆ ಹೊತ್ತು ಆಟೋದವರೆಗೆ ಓಡಿದನಂತೆ. ಅದು ನನಗೆ ಗೊತ್ತಿಲ್ಲ, ಉಳಿದವರು ಹೇಳಿದ್ದು.

ವಿಚಾರಣೆಯಾಯಿತು. ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ನಾನು "ತಡಿ ಅಂದಿದ್ನಿ" ಎಂದೆ. ಮಕ್ತುಂ "ಹೊಡಿ ಅಂತ ಕೇಳೀನಿ, ಅಲ್ಲಾನ ಆಣಿ" ಎಂದ. ಕೈಗೆ ಬ್ಯಾಂಡೇಜ್ ಸುತ್ತಿಕೊಂಡವನ ಮಾತನ್ನು ನಂಬದೆ ಇರುತ್ತಾರೆಯೇ? ಮಕ್ತುಂನನ್ನು ಕೆಲಸದಿಂದ ತೆಗೆದರು. ಅಂದಿನಿಂದ ಕಾರ್ಖಾನೆಯಲ್ಲಿ ಅವನು ಕಿವುಡ ಮಕ್ತುಂ ಆದ. ಬೇರೆ ಕಾರ್ಖಾನೆಗಳಿಗೂ ಆ ಹೆಸರು ಅವನಿಗಿಂತ ಮೊದಲೇ ಹೋಗಿ ಮುಟ್ಟಿತು, ಯಾರೂ ಮಷಿನ್ ಮುಟ್ಟಲು ಬಿಡಲಿಲ್ಲ. ಅವನು ಹಳೇ ಹುಬ್ಬಳ್ಳಿಯಲ್ಲಿ ಅಪ್ಪನ ಗಾದಿ ಅಂಗಡಿಗೆ ಹೋಗಿ ಕೂತ. ನನಗೆ ಕಾರ್ಖಾನೆಯವರು ಗೇಟಿನ ಕೆಲಸ ಕೊಟ್ಟರು. ಪ್ರತಿ ವರ್ಷ ಸುರಕ್ಷತಾ ಸಪ್ತಾಹದಲ್ಲಿ ವೇದಿಕೆ ಹತ್ತಿಸಿ, ಕೈ ಎತ್ತಿ ತೋರಿಸಲು ಹೇಳುತ್ತಿದ್ದರು. ನಾನೂ ತೋರಿಸುತ್ತಿದ್ದೆ. "ನನ್ನ ಜೋಡಿಗಾರ ಕಿವಿಗೊಟ್ಟು ಕೇಳಲಿಲ್ಲ, ಅದಕ್ಕ ಹಿಂಗಾತು" ಎಂದು ಮುಗಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು.

ಅಂಥ ಒಂದು ಸಪ್ತಾಹದಲ್ಲಿ ನನ್ನ ಭಾಷಣ ಕೇಳಿದವಳು ಮಾಧುರಿ ಇನಾಮದಾರ. ಧಾರವಾಡದ ಒಂದು ಪ್ರಯೋಗಶಾಲೆಯ ವಿಜ್ಞಾನಿ. ವಯಸ್ಸು ಮೂವತ್ತಾಗಿದ್ದರೆ ಹೆಚ್ಚು. ಭಾಷಣ ಮುಗಿದ ಮೇಲೆ ಬಂದು ನನ್ನ ಮೊಂಡು ಬೆರಳುಗಳನ್ನು ನೋಡುತ್ತ ನಿಂತಳು.

"ಕಾಕಾ, ಬೆರಳು ಇನ್ನೂ ಅವ ಅಂತ ಅನಸ್ತದೇನ್ರಿ?" ಎಂದು ಕೇಳಿದಳು.

"ಅನಸ್ತೈತಿ. ಚಿಟಿಕಿ ಹಿಡಕೊಂಡು ಕುಂತಾವು, ಬಿಡೂದಿಲ್ಲ" ಎಂದೆ.

ಆಕೆಯ ಕಣ್ಣು ಹೊಳೆದವು. ಮರುದಿನವೇ ಕಾರು ಕಳಿಸಿದಳು.

ಪ್ರಯೋಗಶಾಲೆಯಲ್ಲಿ ಆಕೆ ನನಗೆ ತಿಳಿಯುವ ಹಾಗೆ ಹೇಳಿದಳು. ಬೆರಳಾಡಿಸುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮೊಣಕೈ ಕೆಳಗಿವೆ. ಮಿದುಳು ಹುಕುಂ ಕಳಿಸಿದರೆ ಅದು ಮೊದಲು ಅಲ್ಲಿಗೆ ಮುಟ್ಟುತ್ತದೆ, ಬೆರಳು ಆಡುವುದು ಆಮೇಲೆ. ನಡುವೆ ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ, ಆದರೆ ಮಷಿನ್ ನಿಲ್ಲಿಸಲು ಅಷ್ಟು ಸಾಕು. ಮುಂಗೈಗೆ ಕಟ್ಟಿದ ಪಟ್ಟಿ ಆ ಹುಕುಮನ್ನು ಓದಬಲ್ಲದು.

"ಹಂಗಾದ್ರ ಮುಗೀತಲ್ಲವಾ, ಇನ್ನೇನು?" ಎಂದೆ.

"ಮುಗಿದಿಲ್ರಿ ಕಾಕಾ. ಕೈ ಕೆಲಸಕ್ಕಂತ ಒಳಗ ಹೊಂಟದೋ, ತಪ್ಪಿ ಹೊಂಟದೋ ಅನ್ನೋದು ಪಟ್ಟಿಗೆ ತಿಳೀಬೇಕು. ಎಲ್ಲಾದಕ್ಕೂ ಮಷಿನ್ ನಿಂತ್ರ ಕೆಲಸ ನಡೀತದೇನು? ತಪ್ಪಿ ಹೋಗೋ ಕೈ ಹೆಂಗಿರ್ತದ ಅಂತ ಯಾರು ಕಲಿಸಬೇಕು ಅದಕ್ಕ? ಯಾರರೆ ಬೇಕಂತ ಗಾಲಿಯೊಳಗ ಕೈ ಇಡ್ತಾರ?"

ಬೆರಳು ಕಳೆದುಕೊಂಡವರಲ್ಲಿ ಆ ಕೊನೆಯ ಹುಕುಂ ಹಾಗೆಯೇ ಸಿಕ್ಕಿಕೊಂಡಿರಬಹುದೆಂಬುದು ಆಕೆಯ ಅಂದಾಜು. ಮನೆ ಬಿದ್ದುಹೋಗಿದ್ದರೂ ಪೋಸ್ಟಮನ್ ಅದೇ ಕಾಗದ ಹಿಡಿದು ದಿನಾ ಬಂದು ಹೋದ ಹಾಗೆ. ಆ ಕಾಗದ ಓದಬೇಕೆಂಬುದು ಆಕೆಯ ಹಟ. ಓದಿದ್ದನ್ನು ಪಟ್ಟಿಗೆ ಕಲಿಸಿದರೆ ಮುಂದೆ ಇನ್ನೊಬ್ಬನ ಬೆರಳು ಉಳಿಯುತ್ತದೆ. ನಾನು ಹೂಂ ಎಂದೆ. ಯಾಕೆ ಬೇಡ ಅನ್ನಲಿ?

ನನ್ನ ಎಡತೋಳಿಗೆ ಹೆಗಲವರೆಗೆ ತಂತಿ ಹೊಲಿದ ಚೀಲ ತೊಡಿಸಿದರು. ಎದುರಿನ ಪರದೆಯ ಮೇಲೆ ಬೆಳಕಿನ ಒಂದು ಕೈ ಮೂಡಿತು. ಐದು ಬೆರಳು! ನಾನು ಕಿರುಬೆರಳು ಆಡಿಸಿದರೆ ಅದೂ ಆಡಿಸಿತು. ಇಲ್ಲದ ನಡುಬೆರಳನ್ನು ಆಡಿಸಲು ನೋಡಿದೆ, ಅಲ್ಲಿ ನಡುಬೆರಳು ಅಲುಗಿತು. ಇಪ್ಪತ್ತಾರು ವರ್ಷದ ಮೇಲೆ ನನ್ನ ಬೆರಳು ನೋಡಿದೆ ನೋಡಿ, ನಾಚಿಕೆ ಬಿಟ್ಟು ಅತ್ತೆ. ಆ ಹುಡುಗಿ ಸುಮ್ಮನೆ ನೀರು ತಂದಿಟ್ಟಳು.

ಮೊದಲು ಆ ಎರಡು ಮಾತುಗಳನ್ನು ಹತ್ತತ್ತು ಸಲ ಹೇಳಿಸಿದಳು. "ಹೊಡಿ" ಎಂದರೆ ಬೆಳಕಿನ ಕೈ ತಾನಾಗಿ ಎದೆಯ ಕಡೆ ಬಂತು. "ತಡಿ" ಎಂದರೆ ಐದೂ ಬೆರಳು ಅಗಲಿಸಿ ನಿಂತಿತು. ಮಾತು ಬಾಯಿಯದಾದರೂ ತೋಳು ಅದನ್ನು ಬಾಯಿಪಾಠ ಮಾಡಿಕೊಂಡಿತ್ತು. ಆಮೇಲೆ ಕಿವಿಗೆ ಹೆಡ್‌ಫೋನ್ ಇಟ್ಟು ಕಟಿಂಗ್ ಮಷಿನ್ ಸದ್ದು ಹಾಕಿದಳು. ನನಗೆ ಮೊದಲು ಆದದ್ದು ಭಯವಲ್ಲ, ಹಸಿವು. ಮಕ್ತುಂನ ಹೆಂಡತಿ ಮೈಮೂನಾ ಮಾಡುತ್ತಿದ್ದ ಬದನೆಕಾಯಿ ಪಲ್ಯದ ವಾಸನೆ ಮೂಗಿಗೆ ಬಡಿದ ಹಾಗಾಯಿತು. ಹಿಂದೆಯೇ ತೋಳು ಜುಂ ಎಂದಿತು. ಪರದೆಯ ಮೇಲಿನ ಕೈ ನಾನು ಏನೂ ಮಾಡದೆ ಆಡತೊಡಗಿತು.

ಕೈ ಎದೆಯ ಕಡೆ ಬಂತು. ನಿಂತಿತು. ಮತ್ತೆ ಮುಂದೆ ಹೋಯಿತು, ಹೆಬ್ಬೆರಳು, ತೋರುಬೆರಳು, ನಡುಬೆರಳು ಚಿಟಿಕೆಯಾದವು. ಅಲ್ಲಿಗೆ ಪರದೆ ಬೆಳ್ಳಗಾಯಿತು.

"ಸಿಕ್ತು ಕಾಕಾ! ಇದs ನೋಡ್ರಿ ನಮಗ ಬೇಕಾಗಿದ್ದು!" ಮಾಧುರಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಆ ಮದಲನೇದು ಏನು ತಂಗಿ? ಕೈ ಹಿಂದ ಬಂತಲ್ಲ?" ಎಂದೆ.

ಆಕೆ ಪರದೆ ನೋಡಿದಳು. "ಅದು ಹೊಡಿ ಅನ್ನೋದ್ರಿ. ನೀವು ಹೊಡಿ ಅಂದು ಕೈ ತಗೊಂಡೀರಿ. ಆಮ್ಯಾಲೆ ಏನೋ ಹಿಡಕೊಳ್ಳಿಕ್ಕೆ ಮತ್ತ ಒಳಗ ಹಾಕೀರಿ." ಹೇಳುತ್ತ ಹೇಳುತ್ತ ಆಕೆಯ ಧ್ವನಿ ಸಣ್ಣದಾಯಿತು. ನನ್ನ ಭಾಷಣ ಆಕೆಗೆ ನೆನಪಾಗಿರಬೇಕು.

"ನಿಮ್ಮ ಮಷಿನ್ ತಪ್ಪೈತಿ" ಎಂದೆ, ಸಿಟ್ಟಿನಿಂದ.

ಮೂರು ದಿನ, ಹನ್ನೊಂದು ಸಲ ಆ ಸದ್ದು ಹಾಕಿಸಿದೆ. ಹನ್ನೊಂದು ಸಲವೂ ಕೈ ಎದೆಗೆ ಬಂತು, ನಿಂತಿತು, ಚಿಟಿಕೆಯಾಗಿ ಹೋಯಿತು. ಹನ್ನೊಂದನೆಯ ಸಲ ಆ ಚಿಟಿಕೆಯನ್ನೇ ನೋಡುತ್ತಿದ್ದವನಿಗೆ ಅದು ಕಂಡಿತು. ಖಡು! ಪೈಪಿನ ಪಕ್ಕ, ಗಾಲಿಯ ಕೆಳಗೆ, ಬೆಳ್ಳಗೆ ಬಿದ್ದಿದ್ದ ಖಡು. ನಾನು "ಹೊಡಿ" ಅಂದಾಗಿತ್ತು. ಆಮೇಲೆ ಅದು ಕಣ್ಣಿಗೆ ಬಿತ್ತು. ಪುಡಿಯಾದರೆ ಸೋಮವಾರದವರೆಗೆ ಹಿರೇಮಠ ಇನ್ನೊಂದು ಕೊಡುವುದಿಲ್ಲ ಎನ್ನಿಸಿತು, ಕೈ ಹೋಯಿತು. "ತಡಿ" ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಬಾಯಿಗೆ ಬಂದಿರಲೇ ಇಲ್ಲ.

ಮಾಧುರಿ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. "ಕಾಕಾ, ಇದರಾಗ ಯಾರ ಹೆಸರೂ ಇರೂದಿಲ್ಲ. ನಂಬರ್ ಅಷ್ಟ. ನೀವು ಚಿಂತಿ ಮಾಡಬ್ಯಾಡ್ರಿ. ಇನ್ನೊಂದು ಕೇಳಬೇಕಂತಿದ್ದೆ. ಮಷಿನ್ ನಿಲ್ಲಿಸಿದಾಗ ಪಟ್ಟಿ ಏನರೆ ಮಾತಾಡಬೇಕು. ಪೀಂ ಪೀಂ ಅಂದ್ರ ಯಾರೂ ಲಕ್ಷ್ಯ ಕೊಡೂದಿಲ್ಲ. ನೀವು ತಡಿ ಅಂತೀರಲ್ಲ, ಆ ದನಿ ಕೊಡ್ತೀರೇನು?"

"ಕೊಡತೇನವಾ. ಮದಲ ಒಂದ ಕಡೆ ಹೋಗಿ ಬರತೇನಿ" ಎಂದೆ. ಹೋಗುವ ಧೈರ್ಯ ಮಾತ್ರ ಇರಲಿಲ್ಲ.

ಮನೆಗೆ ಬಂದಾಗ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಹೆಂಡತಿಯ ಮುಂದೆ ಏನನ್ನೂ ಮುಚ್ಚಿಡಲು ಬರುವುದಿಲ್ಲ ನನಗೆ. ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದೆ. ಕೊನೆಗೆ, "ಆ ಹುಡುಗಿ ಹೆಸರು ಬರಿಯೂದಿಲ್ಲಂತ. ಯಾರಿಗೂ ಗೊತ್ತಾಗೂದಿಲ್ಲ" ಎಂದೆ.

"ನನಗ ಗೊತ್ತಾತಲ್ಲ" ಎಂದಳು. ಬಡಿಯುವ ಸದ್ದು ನಿಂತಿತ್ತು.

ಅರ್ಧ ಬಡಿದ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಆ ವರ್ಷ ರಮಜಾನಕ್ಕ ಮೈಮೂನಾ ಸುರಕುಂಬಾ ಪಾಯಸಾ ಕಳಿಸಿದ್ಲು. ಮುಚ್ಚಳಾ ಸೈತ ತಗೀಲಾರದ ಹೊಳ್ಳಿ ಕಳಿಸಿದ್ನಿ ನಾನು. ನಿಮ್ಮ ಮಾತು ನಂಬಿ. ಅಕ್ಕಾ ಅಕ್ಕಾ ಅಂತ ಮನಿತನಕಾ ಬರಾಕಿ, ಆಮ್ಯಾಲೆ ಸಂತ್ಯಾಗ ಕಂಡ್ರೂ ಸೆರಗು ಮಾರಿ ಮ್ಯಾಲೆ ಎಳಕೊಂಡು ಹೋಗಾಕಿ." ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. "ಇನ್ನ ಕುಂತೀರಲ್ಲ? ಏಳ್ರಿ."

"ನಾಳೆ..."

"ನಾಳೆ ಅಂದ್ರ ನೀವು ಹೋಗೂದಿಲ್ಲ. ಈಗ ಹೋಗ್ರಿ. ರೊಟ್ಟಿ ಆಮ್ಯಾಲೆ."

ಹಸಿದ ಹೊಟ್ಟೆಯಲ್ಲೇ ಹಳೇ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಗಾದಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಮಕ್ತುಂನ ಮಗಳು ರೇಷ್ಮಾ ದಬ್ಬಣ ಹಿಡಿದು ಗಾದಿ ಹೊಲಿಯುತ್ತಿದ್ದಳು. ಹಿಂದೆ ನಾನು ನೋಡಿದಾಗ ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವಳು. ನಾನು ಯಾರೆಂದು ಆಕೆಗೆ ತಿಳಿಯಲಿಲ್ಲ.

"ಅಬ್ಬಾ ಒಳಗ ಅದಾರ. ಎರಡೆರಡ ಸಲ ಹೇಳಬೇಕ್ರಿ ಕಾಕಾ ಅವರಿಗೆ. ಡಾಕ್ಟರು ಕಿವಿ ಚೊಲೋ ಅದಾವು ಅಂದ್ರು, ಎರಡ ಸಲ ತೋರಿಸೇವಿ. ಆದ್ರೂ ಪ್ರತಿಯೊಂದಕ್ಕೂ ಏನಂದಿ, ಏನಂದಿ ಅಂತಾರ. ರೂಢಿ ಆಗೇತಿ" ಎಂದು ನಕ್ಕಳು.

ಹದಿನಾಲ್ಕು ವರ್ಷ ಆ ಗದ್ದಲದಲ್ಲಿ ನನ್ನ ಒಂದೊಂದು ಮಾತನ್ನೂ ಒಂದೇ ಸಲಕ್ಕೆ ಹಿಡಿದ ಕಿವಿ ಅವು.

ಒಳಗೆ ಅರಳೆ ಪಿಂಜುವ ಮಷಿನ್ ಪಕ್ಕ ಅವನು ನಿಂತಿದ್ದ. ಹುಬ್ಬಿನ ಮೇಲೆ, ಗಡ್ಡದ ಮೇಲೆ ಅರಳೆ. ನನ್ನ ಮುಖ ನೋಡಲಿಲ್ಲ, ಮೊದಲು ನನ್ನ ಎಡಗೈ ನೋಡಿದ. ಮಷಿನ್ ಬಂದ್ ಮಾಡಿದ.

"ಮಕ್ತುಂ, ಅವತ್ತ ನಾ ಹೊಡಿ ಅಂದಿದ್ನಿ" ಎಂದೆ. ಬಸ್ಸಿನಲ್ಲಿ ಏನೇನೋ ಕೂಡಿಸಿಕೊಂಡು ಬಂದಿದ್ದೆ, ಎಲ್ಲ ಮರೆತುಹೋಗಿತ್ತು.

"ಏನಂದಿ?"

"ಹೊಡಿ ಅಂದಿದ್ನಿ. ತಡಿ ಅಲ್ಲ. ನೀ ಕೇಳಿದ್ದು ಖರೇ. ಗಾಲಿ ಕೆಳಗ ಖಡು ಬಿದ್ದಿತ್ತು, ತಗೊಳ್ಳಾಕ ಕೈ ಹಾಕಿದ್ನಿ."

"ಏನಂದಿ?" ಈ ಸಲ ಧ್ವನಿ ಬೇರೆ ಇತ್ತು. ಮೂರನೆಯ ಸಲವೂ ಹೇಳಿದೆ, ಪ್ರಯೋಗಶಾಲೆ, ಬೆಳಕಿನ ಕೈ ಎಲ್ಲ ಕೂಡಿಸಿ.

ಮಕ್ತುಂ ಅರಳೆಯ ಮೂಟೆಯ ಮೇಲೆ ಕುಸಿದು ಕೂತ. "ಮದಲ ಎರಡ ವರ್ಷ ಕಂಡಕಂಡವರ ಮುಂದ ಆಣಿ ಮಾಡಿದ್ನಿ, ಹೊಡಿ ಅಂತನ ಕೇಳೀನಿ ಅಂತ. ಆಮ್ಯಾಲೆ ಮಂದಿ ಅಂದಂಗ ನನಗೂ ಅನಸಾಕತ್ತು. ಕಣ್ಣ ಮುಚ್ಚಿದ್ರ ನಿನ್ನ ದನಿ. ತಡಿ, ತಡಿ ಅಂತ. ನಮಾಜಿಗೆ ನಿಂತ್ರೂ ತಡಿ. ಕಾಳ್ಯಾನ ಬೆರಳ ನಾನ ತಗದೀನಿ ಅಂತ ಒಪ್ಪಗೊಂಡು ಬಿಟ್ಟಿದ್ನಿ. ಈಗ ಬಂದು ಇಲ್ಲ ಅಂತಿ."

ಅವನ ಕಾಲು ಹಿಡಿಯಲು ಬಗ್ಗಿದೆ. ಅವನು ಕೈ ಝಾಡಿಸಿದ. "ಮುಟ್ಟಬ್ಯಾಡ ಲೇ!" ಎಂದು ಕೂಗಿದ. ಒಂದು ಹಿಡಿ ಅರಳೆ ತೆಗೆದು ನನ್ನ ಮುಖಕ್ಕೆ ಎಸೆದ. "ಖಡು! ಒಂದ ಖಡು ಸಲವಾಗಿ! ಎಷ್ಟಿತ್ತಲೇ ಅದು, ಎಷ್ಟಿತ್ತು?"

"ಇಷ್ಟ" ಎಂದು ಎಡಗೈಯಿಂದ ತೋರಿಸಿದೆ. ಹೆಬ್ಬೆರಳಿತ್ತು, ಎದುರಿನ ಬೆರಳಿರಲಿಲ್ಲ. ಅಷ್ಟು ಖಾಲಿ ಜಾಗವನ್ನು ಇಬ್ಬರೂ ನೋಡಿದೆವು. ಅವನ ಬಾಯಿ ಸೊಟ್ಟಗಾಯಿತು. ನಗುತ್ತಾನೋ ಅಳುತ್ತಾನೋ ತಿಳಿಯಲಿಲ್ಲ, ಎರಡೂ ಆಯಿತು. ನನಗೂ ಆಯಿತು. ರೇಷ್ಮಾ ಗಾಬರಿಯಾಗಿ ಇಣುಕಿ ನೋಡಿ, ಚಹಾ ತರುತ್ತೇನೆಂದು ಹೋದಳು.

"ಮಂದಿ ಮುಂದ ಹೇಳ್ತಿಯೇನು?" ಎಂದ ಕೊನೆಗೆ.

"ಅದ ವೇದಿಕಿ ಮ್ಯಾಲೆ ನಿಂತು ಹೇಳ್ತೀನಿ."

ಹೇಳಿದೆ ಕೂಡ. ಆ ಸಲ ಚಪ್ಪಾಳೆ ಬೀಳಲಿಲ್ಲ, ಬೀಳಬಾರದು. "ತಡಿ" ಎಂದು ಧ್ವನಿ ಕೊಟ್ಟುಬಂದದ್ದೂ ಆಮೇಲೆಯೇ. ಅಂದು ಬಾಯಿಗೆ ಬಾರದ ಮಾತು ಈಗ ಊರೂರಿನ ಮುಂಗೈಗಳ ಮೇಲೆ ಕೂತಿದೆ. ಮೊನ್ನೆ ನಮ್ಮ ಹಳೆಯ ಕಾರ್ಖಾನೆಗೆ ಹೋಗಿದ್ದೆ. ಪಟ್ಟಿ ಇರುವುದರಿಂದ ಯಾರೂ ಯಾರಿಗೂ ಕೂಗುವುದಿಲ್ಲ, ಪಕ್ಕದವನ ಹೆಸರೂ ಕೆಲವರಿಗೆ ಗೊತ್ತಿಲ್ಲ. ಮನಸ್ಸಿಗೆ ಕೆಡುಕೆನಿಸಿತು. ಆದರೆ ಚಹಾದ ಹೊತ್ತಿಗೆ ಅವರು ಕಪ್ಪು ಹಿಡಿದದ್ದನ್ನು ನೋಡಿದೆ. ಒಬ್ಬೊಬ್ಬರದೂ ಹತ್ತು ಬೆರಳು ಇದ್ದವು. ನನ್ನ ಚಿಟಿಕೆ ಬಿಟ್ಟಿತೋ ಎಂದು ಕೇಳಬೇಡಿ, ಇನ್ನೂ ಬಿಟ್ಟಿಲ್ಲ.

ಗಾದಿ ಅಂಗಡಿಯಲ್ಲಿ ಅವತ್ತು ನಡೆದದ್ದು ಇನ್ನೊಂದಿಷ್ಟಿದೆ. ಕಣ್ಣು ಒರೆಸಿಕೊಂಡು ಮಕ್ತುಂ ಎದ್ದ. ಯಾರದೋ ಮದುವೆಯ ಗಾದಿ ಸಂಜೆಯೊಳಗೆ ಕೊಡಬೇಕಿತ್ತು, ಮಗಳು ಚಹಾಕ್ಕೆ ಹೋಗಿದ್ದಳು.

"ಸುಮ್ನ ಯಾಕ ನಿಂತಿ? ಅರಳಿ ಹಾಕು" ಎಂದ.

ಮಷಿನ್ ಬಾಯಿಯೊಳಗೆ ಮುಳ್ಳಿನ ಉರುಳೆ ಇರುತ್ತದೆ. ಬಂದ್ ಇದ್ದಾಗಲೇ ಅರಳೆ ತುಂಬಬೇಕು. ಬಲಗೈಯಿಂದ ತುಂಬಿದೆ, ಎಡಗೈಯಲ್ಲಿ ಉಳಿದದ್ದರಿಂದ ಒತ್ತಿದೆ. ಅವನು ಆಚೆ ಹೋಗಿ ಗುಂಡಿಯ ಮೇಲೆ ಬೆರಳಿಟ್ಟು ನಿಂತ. ಅಲ್ಲಿಂದ ಅವನಿಗೆ ನನ್ನ ಕೈ ಕಾಣುತ್ತಿರಲಿಲ್ಲ. ಬೀದಿಯಲ್ಲಿ ಲಾರಿಯೊಂದು ಹಾರನ್ ಬಾರಿಸುತ್ತಿತ್ತು. ನಾನು ಎರಡೂ ಕೈ ಎದೆಗೆ ಎಳೆದುಕೊಂಡೆ. ಏನಾದರೂ ಬಿದ್ದಿದೆಯೋ ಎಂದು ಕೆಳಗೆ ನೋಡಲಿಲ್ಲ.

"ಹೊಡಿ" ಎಂದೆ.

ಏನಂದಿ ಎಂದು ಅವನು ಕೇಳಲಿಲ್ಲ. ಗುಂಡಿ ಒತ್ತಿದ.